ಬೊಜ್ಜು ಉಸಿರಿಗೂ ಹೊರೆ

ಮನೆಯಲ್ಲಿ ಎಲ್ಲರಿಗೂ ಒಂದೇ ಫ್ಲೂ ಜ್ವರ ಬರುತ್ತದೆ. ಮಗ ಮೂರು ದಿನದಲ್ಲಿ ಎದ್ದು ಓಡಾಡುತ್ತಾನೆ. ತಾಯಿಗೆ ಮಾತ್ರ ಉಸಿರು ಕಟ್ಟಿ ಆಸ್ಪತ್ರೆ ಸೇರಬೇಕಾಗುತ್ತದೆ. ನಾವು ವಯಸ್ಸನ್ನು ದೂರುತ್ತೇವೆ, ಸಕ್ಕರೆ ಕಾಯಿಲೆಯನ್ನು ದೂರುತ್ತೇವೆ. ಬೊಜ್ಜಿನ ಮಾತೆತ್ತಲು ಮಾತ್ರ ಹಿಂಜರಿಯುತ್ತೇವೆ. ಈ ಹಿಂಜರಿಕೆಯನ್ನು ಇನ್ನಾದರೂ ಬಿಡಬೇಕು.

2009ರಲ್ಲಿ ಎಚ್‌1ಎನ್‌1 ಜ್ವರ ಜಗತ್ತಿಗೆಲ್ಲ ಹಬ್ಬಿದಾಗ, ತೀವ್ರ ನಿಗಾ ಘಟಕ ಸೇರಿದವರಲ್ಲಿ ಸ್ಥೂಲಕಾಯದವರು ಹೆಚ್ಚಾಗಿದ್ದುದನ್ನು ವೈದ್ಯರು ಗಮನಿಸಿದರು. ಕೋವಿಡ್ ಕಾಲದಲ್ಲೂ ಅದೇ ಆಯಿತು. ಬೊಜ್ಜು ಇದ್ದ ಯುವಕರಿಗೂ ಕಾಯಿಲೆ ಉಲ್ಬಣಿಸಿತು.

ಕಾರಣ ಸ್ಪಷ್ಟ. ಹೊಟ್ಟೆಯ ಕೊಬ್ಬು ವಪೆಯನ್ನು ಮೇಲಕ್ಕೆ ಒತ್ತುವುದರಿಂದ ಶ್ವಾಸಕೋಶದ ಕೆಳಭಾಗ ಪೂರ್ತಿ ಹಿಗ್ಗುವುದಿಲ್ಲ. ಅಂಗಾತ ಮಲಗಿದರೆ ಕಷ್ಟ ಇನ್ನೂ ಹೆಚ್ಚು. ಅಲ್ಲದೆ ಕೊಬ್ಬಿನ ಅಂಗಾಂಶ ಉರಿಯೂತ ಉಂಟುಮಾಡುವ ರಾಸಾಯನಿಕಗಳನ್ನು ಸದಾ ಸ್ರವಿಸುತ್ತಿರುತ್ತದೆ. ಇದರಿಂದ ರೋಗನಿರೋಧಕ ವ್ಯವಸ್ಥೆ ವೈರಸ್‌ಗೆ ಸಕಾಲದಲ್ಲಿ ಉತ್ತರ ಕೊಡಲಾರದು.

‘ತುಂಬಿದ ಮೈ ಆರೋಗ್ಯದ ಲಕ್ಷಣ’ ಎಂಬ ಮಾತನ್ನು ನಂಬಬೇಡಿ. ಇಂದೇ ಒಂದು ಟೇಪು ತೆಗೆದು ಮನೆಯವರೆಲ್ಲರ ಸೊಂಟದ ಸುತ್ತಳತೆ ನೋಡಿ. ಭಾರತೀಯರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆ ಬೇಕು. ತೆಳ್ಳಗಿನ ಕೈಕಾಲಿನವರಿಗೂ ಹೊಟ್ಟೆಯ ಬೊಜ್ಜು ಇರಬಹುದು.

ಅಂಥವರಿಗೆ ಪ್ರತಿ ವರ್ಷ ಫ್ಲೂ ಲಸಿಕೆ ಹಾಕಿಸುವ ಬಗ್ಗೆ ವೈದ್ಯರನ್ನು ಕೇಳಿ. ಜ್ವರ ಬಂದಾಗ ‘ಕಷಾಯ ಕುಡಿದರೆ ಹೋಗುತ್ತದೆ’ ಎಂದು ದಿನ ತಳ್ಳಬೇಡಿ. ಮೊದಲ ಎರಡು ದಿನಗಳಲ್ಲೇ ವೈದ್ಯರಿಗೆ ತೋರಿಸಿ. ಮಾತಾಡುವಾಗ ಏದುಸಿರು ಬಂದರೆ ಅಥವಾ ಆಕ್ಸಿಮೀಟರ್ 94ಕ್ಕಿಂತ ಕಡಿಮೆ ತೋರಿಸಿದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಜ್ವರದ ದಿನಗಳಲ್ಲಿ ಊಟ ಬಿಟ್ಟು ತೂಕ ಇಳಿಸಲು ಹೋಗಬೇಡಿ. ಆ ಕೆಲಸ ಗುಣವಾದ ಮೇಲೆ ನಿಧಾನವಾಗಿ ಆಗಲಿ.

ಇದು ಒಬ್ಬರ ತಪ್ಪಲ್ಲ, ಇಡೀ ಮನೆಯ ವಿಷಯ. ಎಲ್ಲರಿಗೂ ಬಡಿಸಿ, ಹೊತ್ತು ಮೀರಿ ಉಳಿದದ್ದನ್ನು ಉಣ್ಣುವ ತಾಯಿಗೆ ನಡೆಯಲು ಬಿಡುವು ಕೊಟ್ಟವರು ಯಾರು? ಬಿರಿಯಾನಿ ವಾರಕ್ಕೊಮ್ಮೆ ಸಾಕು. ಕರಿದ ತಿಂಡಿ, ಸಿಹಿ ಶರಬತ್ತು ದಿನವೂ ಬೇಡ. ದಪ್ಪಗಿದ್ದೀಯೆಂದು ಹಂಗಿಸುವವರು ಬೇಕಾದಷ್ಟು ಜನ ಇದ್ದಾರೆ. ಜೊತೆಗೆ ಅರ್ಧ ಗಂಟೆ ನಡೆಯುವವರು ಕಡಿಮೆ. ನೀವು ಆ ಎರಡನೆಯವರಾಗಿ.