ಇಂಗ್ಲಿಷ್ ಸರ್ ವರ್ಗವಾದ ಮೇಲೆ



ಮುಂದಿನ ವರ್ಷ ನಾವೆಲ್ಲ ಹೈಸ್ಕೂಲಿಗೆ ಹೋಗುತ್ತೇವೆ. ಅಲ್ಲಿ ಇಂಗ್ಲಿಷ್ ಬಹಳ ಕಷ್ಟ ಅಂತ ದೊಡ್ಡ ಹುಡುಗರು ಹೆದರಿಸುತ್ತಾರೆ. ಕಲಿಸುವವರು ನಡುವೆ ಹೋಗಿಬಿಟ್ಟರೆ ಅದು ಇನ್ನೂ ಕಷ್ಟ ಎಂದು ನನ್ನ ಅಭಿಪ್ರಾಯ.

ನಮ್ಮ ಅಕ್ಕ ಹೋದ ವರ್ಷ ಒಂಬತ್ತನೆಯ ತರಗತಿ ಓದಿದಳು. ಶಾಲೆ ಶುರುವಾಗಿ ಸ್ವಲ್ಪ ದಿನಕ್ಕೆ ಅವರ ಇಂಗ್ಲಿಷ್ ಸರ್ ವರ್ಗವಾಗಿ ಹೋದರು. ಎರಡು ತಿಂಗಳು ಆ ಪಿರಿಯಡ್ ಖಾಲಿ. ಆಮೇಲೆ ಒಬ್ಬ ಅತಿಥಿ ಶಿಕ್ಷಕರು ಬಂದರು. "ಎಲ್ಲಿತನ ಆಗೈತಿ?" ಎಂದು ಕೇಳಿದರು. ಒಬ್ಬೊಬ್ಬರು ಒಂದೊಂದು ಹೇಳಿದರು. ಅದಕ್ಕೆ ಅವರು ಮೊದಲನೆಯ ಪಾಠದಿಂದ ಶುರು ಮಾಡಿದರು. ಅವರಿಗೆ ಬೇರೆ ಕೆಲಸ ಸಿಕ್ಕಿತು, ಹೋದರು. ಮೂರನೆಯವರು ಬಂದು ಮತ್ತೆ ಮೊದಲನೆಯ ಪಾಠ! ಹೀಗೆ ಮೊದಲನೆಯ ಪಾಠ ಮೂರು ಸಲ ಆಯಿತು. ಕೊನೆಯ ಪಾಠಗಳು ಒಂದು ಸಲವೂ ಆಗಲಿಲ್ಲ.

ಬೇರೆ ವಿಷಯವಾದರೆ ಹೇಗೋ ಆಗುತ್ತದೆ. ಸಮಾಜ, ವಿಜ್ಞಾನ ಕನ್ನಡದಲ್ಲಿವೆ, ನಾವೇ ಓದಬಹುದು. ಲೆಕ್ಕ ನಮ್ಮ ಮಾವ ಹೇಳಿಕೊಡುತ್ತಾನೆ. ಇಂಗ್ಲಿಷ್ ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ಕನ್ನಡವನ್ನು ಬರೆದ ಹಾಗೆ ಓದುತ್ತೇವೆ, ಇಂಗ್ಲಿಷ್ ಹಾಗಲ್ಲ. ಚಾಕುವಿಗೆ ಇಂಗ್ಲಿಷಿನಲ್ಲಿ ಮೊದಲು 'ಕೆ' ಅಕ್ಷರ ಬರೆಯುತ್ತಾರೆ, ಓದುವಾಗ ಬಿಟ್ಟು 'ನೈಫ್' ಅನ್ನುತ್ತಾರೆ. ಅಕ್ಕ ತುಂಬಾ ದಿನ 'ಕ್ನೈಫ್' ಎಂದೇ ಓದುತ್ತಿದ್ದಳು. ತಿದ್ದುವವರು ಇರಲಿಲ್ಲ.

ಹಂಪಿಗೆ ಹೋದಾಗ ನೀವೂ ನೋಡಿರಬಹುದು. ಅಲ್ಲಿ ನಮ್ಮಷ್ಟೇ ವಯಸ್ಸಿನ ಹುಡುಗರು ವಿದೇಶಿಯರ ಜೊತೆ ಪಟಪಟ ಇಂಗ್ಲಿಷ್ ಮಾತಾಡುತ್ತಾರೆ. ದಿನಾ ಕೇಳಿ ಕೇಳಿ ಅವರಿಗೆ ಬಂದಿದೆ. ನಮ್ಮ ಹಳ್ಳಿಯಲ್ಲಿ ನಮಗೆ ಇಂಗ್ಲಿಷ್ ಕೇಳಿಸುವವರು ಇಂಗ್ಲಿಷ್ ಸರ್ ಒಬ್ಬರೇ. ಅವರೂ ಹೋದರೆ ಯಾರ ಬಾಯಿಂದ ಕೇಳಬೇಕು?

ಸರ್ ಹೋದದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಅವರಿಗೂ ತಂದೆ ತಾಯಿ, ಮಕ್ಕಳು ಇದ್ದಾರೆ. ಕಂಪ್ಲಿಯಾಗಲಿ ಸಂಡೂರಾಗಲಿ ಹೊಸಪೇಟೆಯಿಂದ ಸುಮಾರು 30 ಕಿ.ಮೀ. ದೂರ. ಅದರಾಚೆಯ ಹಳ್ಳಿಗೆ ದಿನಾ ಬಸ್ಸಿನಲ್ಲಿ ಬಂದು ಹೋಗುವುದು ಸುಲಭವಲ್ಲ. ನಮ್ಮ ಓಣಿಯವರೇ ದುಡಿಯಲು ಬೆಂಗಳೂರಿಗೆ ಗುಳೆ ಹೋಗುವುದಿಲ್ಲವೆ? ಶಿಕ್ಷಕರ ವರ್ಗಾವಣೆಗೆ 2007ರಲ್ಲಿ ಕಾಯ್ದೆ ಬಂತು, 2020ರಲ್ಲಿ ಹೊಸ ಕಾಯ್ದೆಯೂ ಬಂತು. ಕೌನ್ಸೆಲಿಂಗ್‌ನಲ್ಲಿ ಸರದಿ ಪ್ರಕಾರ ಊರು ಆರಿಸಿಕೊಳ್ಳುತ್ತಾರಂತೆ. ಒಳ್ಳೆಯದೇ. ಆದರೆ ಹೋಗುವವರಿಗೆ ಸರದಿ ಇದ್ದ ಹಾಗೆ ಬರುವವರಿಗೂ ಒಂದು ಸರದಿ ಇರಬೇಕಲ್ಲ?

ನನಗೆ ತೋಚಿದ್ದು ಇಷ್ಟು.

1. ಹೊಸಬರು ಬರುವ ತನಕ ಇದ್ದವರನ್ನು ಬಿಡಬಾರದು.

2. ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳುವುದಾದರೆ ಶಾಲೆ ಶುರುವಾದ ದಿನವೇ ತೆಗೆದುಕೊಳ್ಳಬೇಕು. ತಿಂಗಳಿಗೆ ಸರಿಯಾಗಿ ಸಂಬಳ ಕೊಟ್ಟರೆ ಅವರೂ ನಿಲ್ಲುತ್ತಾರೆ.

3. ಹೋಗುವ ಸರ್ ಯಾವ ಪಾಠ ಆಗಿದೆ, ಯಾರಿಗೆ ಏನು ಬರುವುದಿಲ್ಲ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಹೋಗಬೇಕು. ಇದಕ್ಕೆ ಖರ್ಚಿಲ್ಲ.

4. ಊರಿನವರು ಶಿಕ್ಷಕರಿಗೆ ಒಂದು ಒಳ್ಳೆಯ ಬಾಡಿಗೆ ಮನೆ ನೋಡಿಕೊಡಬೇಕು.

ಇನ್ನೊಂದು ಮಾತು. 2012ರ ತಿದ್ದುಪಡಿಯಿಂದ ಸಂವಿಧಾನಕ್ಕೆ 371(ಜೆ) ವಿಧಿ ಸೇರಿತು. ಅದರಿಂದ ನಮ್ಮ ಭಾಗದವರಿಗೆ ಇಲ್ಲಿನ ಸರಕಾರಿ ಕೆಲಸಗಳಲ್ಲಿ ಮೀಸಲಾತಿ ಇದೆ. ನಮ್ಮೂರಿನವರೇ ಇಂಗ್ಲಿಷ್ ಶಿಕ್ಷಕರಾದರೆ ಊರು ಬಿಟ್ಟು ಹೋಗಲು ಅವಸರ ಮಾಡುವುದಿಲ್ಲ. ನಮ್ಮ ತರಗತಿಯವರೇ ಯಾರಾದರೂ ಆಗಬಹುದು. ಆದರೆ ಇಂಗ್ಲಿಷ್ ಕಲಿಸಬೇಕಾದರೆ ಮೊದಲು ಇಂಗ್ಲಿಷ್ ಕಲಿತಿರಬೇಕು. ಅದಕ್ಕೆ ಈಗ ಶಿಕ್ಷಕರು ಬೇಕು.

ಅಕ್ಕ ಈ ವರ್ಷ ಹತ್ತನೆಯ ತರಗತಿ. ಇಂಗ್ಲಿಷಿಗೆ 80 ಅಂಕಗಳ ಬರೆಯುವ ಪರೀಕ್ಷೆ ಇದೆ. "ಒಂದರಾಗ ಫೇಲಾದ್ರೂ ಮುಂದ ಓದಸಂಗಿಲ್ಲ" ಎಂದು ಅಪ್ಪ ಹೇಳಿದ್ದಾರೆ. ಅಕ್ಕ ರಾತ್ರಿ ಓದಲು ಕೂತಾಗ ಮೊದಲನೆಯ ಪಾಠ ನೋಡದೆ ಹೇಳುತ್ತಾಳೆ. ಒಂಬತ್ತರ ಉಳಿದ ಪಾಠ ತೆಗೆದರೆ ಸುಮ್ಮನೆ ಕೂತುಬಿಡುತ್ತಾಳೆ. ಫೇಲಾದರೆ ಅದು ಅವಳೊಬ್ಬಳ ತಪ್ಪೇ? ಎಲ್ಲರೂ ಯೋಚಿಸಬೇಕು.

ನಾನು ಬರೆದದ್ದರಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕಾಗಿ ವಿನಂತಿ.

– 7ನೇ ತರಗತಿಯ ವಿದ್ಯಾರ್ಥಿನಿ