ಲಿಫ್ಟ್ ಕಿಟ್ ತಗೊಳ್ಳೋ ಮುಂಚೆ ಗಾಡಿ ತೂಕ ಹಾಕಿಸಿ

ನಮ್ಮ ಹಾಸ್ಟೆಲ್‌ನಲ್ಲಿ ಯಾರಾದ್ರೂ ಸೆಕೆಂಡ್ ಹ್ಯಾಂಡ್ ಜಿಪ್ಸಿನೋ ಥಾರ್‌ನೋ ತಗೊಂಡ್ರು ಅಂದ್ರೆ ಮೆಸ್‌ನಲ್ಲಿ ಕೇಳೋ ಮೊದಲ ಪ್ರಶ್ನೆ ಒಂದೇ: "ಎಷ್ಟು ಇಂಚು ಲಿಫ್ಟ್ ಮಾಡಿಸ್ತೀಯಾ ಮಗಾ?" ಗಾಡಿ ಎಲ್ಲಿ ಓಡುತ್ತೆ, ಏನು ಹೊರುತ್ತೆ ಅಂತ ಯಾರೂ ಕೇಳಲ್ಲ. ಎರಡು ವರ್ಷದ ಹಿಂದೆ ನಾನೂ ಕೇಳಲಿಲ್ಲ. ಆ ತಪ್ಪಿನ ಲೆಕ್ಕ ಒಪ್ಪಿಸೋಕೆ ಈ ಬರಹ.

ಸಕಲೇಶಪುರದ ಹತ್ತಿರ ನಮ್ಮ ಚಿಕ್ಕಪ್ಪನಿಗೆ ಒಂದಿಷ್ಟು ಕಾಫಿ ತೋಟ ಇದೆ, ಜೊತೆಗೆ ಒಂದು ಹಳೇ ಜಿಪ್ಸಿ. ಮಳೆಗಾಲದಲ್ಲಿ ತೋಟದ ಏರು ಹತ್ತುವಾಗ ಅದರ ಹೊಟ್ಟೆ ಅಲ್ಲಲ್ಲಿ ತಾಗ್ತಿತ್ತು. ನಾನು ಮೆಕ್ಯಾನಿಕಲ್ ಓದ್ತಿರೋ ಹುಡುಗ, ಜೊತೆಗೆ ಕಾಲೇಜಿನ ಬಾಹಾ ಟೀಮ್‌ನಲ್ಲಿ ಇದ್ದವನು. "ನಾನು ಸರಿ ಮಾಡಿಸ್ತೀನಿ ಬಿಡಿ ಚಿಕ್ಕಪ್ಪ" ಅಂತ ಗಾಡಿನ ಬೆಂಗಳೂರಿಗೆ ತಂದೆ. ಅಂಗಡಿಯವರು ಕೇಳಿದ್ದೂ ಅದೇ: "ಎಷ್ಟು ಇಂಚು ಬೇಕು?" ಎರಡು ಅಂದೆ. ದಪ್ಪ ಪ್ಲೇಟಿನ ಹೆವಿ ಡ್ಯೂಟಿ ಲೀಫ್ ಸ್ಪ್ರಿಂಗ್, ಉದ್ದನೆಯ ಶ್ಯಾಕಲ್, ಕೂಲಿ ಎಲ್ಲಾ ಸೇರಿ ಸುಮಾರು ನಲವತ್ತು ಸಾವಿರ ಆಯ್ತು. ದುಡ್ಡು ಚಿಕ್ಕಪ್ಪಂದು. ಫೋಟೋದಲ್ಲಿ ಗಾಡಿ ಮಾತ್ರ ಹುಲಿ ತರ ಕಾಣ್ತಿತ್ತು.

ಊರಿಗೆ ವಾಪಸ್ ಹೋಗುವಾಗ ಹಾಸನ ದಾಟಿದ ಮೇಲೆ ಸ್ಟೀರಿಂಗ್ ಅಲ್ಲಾಡೋಕೆ ಶುರುವಾಯ್ತು. ಎದುರಿಗೆ ಲಾರಿ ಬಂದಾಗ ಗಾಡಿ ತಾನಾಗಿ ಬಲಕ್ಕೆ ಎಳೀತು, ನಾನು ಎಡಕ್ಕೆ ಎಳೆದೆ. ಆ ಒಂದು ಸೆಕೆಂಡ್ ಇವತ್ತಿಗೂ ಮರೆತಿಲ್ಲ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಇನ್ನೊಂದು ತಮಾಷೆ. ಮೊದಲು ಹೊಟ್ಟೆ ತಾಗಿಸ್ಕೊಂಡಾದ್ರೂ ಹತ್ತುತ್ತಿದ್ದ ಏರಿನಲ್ಲಿ ಗಾಡಿ ಈಗ ಕುಣಿಯೋಕೆ ಶುರು ಮಾಡ್ತು. ಹಿಂದಿನ ಚಕ್ರ ಕೆಸರನ್ನ ಹಿಡಿಯೋದೇ ಇಲ್ಲ, ಬರೀ ಹಾರುತ್ತೆ. ಕೆಲಸಕ್ಕೆ ಬರೋ ಹೆಂಗಸರು ಹಿಂದೆ ಕೂರೋಕೆ ಒಪ್ಪಲಿಲ್ಲ. ನಡ್ಕೊಂಡೇ ಬರ್ತೀವಿ ಅಂದ್ರು. ಚಿಕ್ಕಪ್ಪ ಬೈಯಲಿಲ್ಲ. "ಓದಿದವನು ಅಲ್ವೇನಪ್ಪಾ ನೀನು?" ಅಂದ್ರು, ಅಷ್ಟೇ. ಅದಕ್ಕಿಂತ ಬೈದಿದ್ರೆ ಚೆನ್ನಾಗಿತ್ತು.

ಆಮೇಲೆ ಊರಿನ ಮೆಕ್ಯಾನಿಕ್ ಗಾಡಿ ಕೆಳಗೆ ಮಲಗಿ, ಜ್ಯಾಕ್ ಕೊಟ್ಟು ಚಾಸಿ ಎತ್ತಿ, ಆಕ್ಸಲ್ ಪೂರ್ತಿ ಕೆಳಗೆ ಇಳಿಯೋಕೆ ಬಿಟ್ರು. ಹಿಂದಿನ ಬ್ರೇಕ್ ಹೋಸನ್ನ ಬೆರಳಲ್ಲಿ ಮೀಟಿ ತೋರಿಸಿದ್ರು: "ನೋಡಿ ತಮ್ಮಾ, ವೀಣೆ ತಂತಿ ಇದ್ದಂಗಿದೆ. ಇನ್ನೊಂದು ದೊಡ್ಡ ಗುಂಡಿಗೆ ಇಳಿಸಿದ್ರೆ ಬ್ರೇಕೇ ಇರಲ್ಲ."

ನಾನು ಹೇಳಬೇಕಾಗಿರೋದು ಇಷ್ಟೇ: ಇಂಚನ್ನ ಮೊದಲು ತೀರ್ಮಾನ ಮಾಡಬೇಡಿ. ಮೊದಲು ತೂಕ, ಆಮೇಲೆ ಟೈರು, ಆಮೇಲೆ ಸ್ಪ್ರಿಂಗು, ಆಮೇಲೆ ಶಾಕ್ಸು. ಇವೆಲ್ಲ ಆದ್ಮೇಲೆ ಗಾಡಿ ಎಷ್ಟು ಇಂಚು ಎತ್ತರ ನಿಲ್ಲುತ್ತೋ ಅದೇ ನಿಮ್ಮ ಲಿಫ್ಟು.

ತೂಕದಿಂದ ಶುರು ಮಾಡೋಣ. ವೇ ಬ್ರಿಡ್ಜ್‌ಗೆ ಹೋಗಿ ಮುಂದಿನ ಆಕ್ಸಲ್ ಬೇರೆ, ಹಿಂದಿನ ಆಕ್ಸಲ್ ಬೇರೆ ತೂಕ ಹಾಕಿಸಿ. ಖಾಲಿ ಗಾಡಿದು ಒಂದ್ಸಲ, ಲೋಡ್ ಹಾಕಿ ಒಂದ್ಸಲ. ಲೋಡ್ ವರ್ಷದಲ್ಲಿ ಯಾವಾಗ ಇರುತ್ತೆ ಅನ್ನೋದನ್ನೂ ಬರ್ಕೊಳ್ಳಿ. ನಾನು ಎಡವಿದ್ದು ಇಲ್ಲೇ. ತೋಟದಲ್ಲಿ 50 ಕೆ.ಜಿ.ಯ ಆರು ಮೂಟೆ, ಅಂದ್ರೆ 300 ಕೆ.ಜಿ. ಹಿಂದೆ ಬೀಳೋದು ಕಾಫಿ ಕೊಯ್ಲಿನಲ್ಲಿ, ಚಳಿಗಾಲದಲ್ಲಿ. ಆಗ ದಾರಿ ಒಣಗಿರುತ್ತೆ. ಕೆಸರು ಇರೋದು ಜೂನ್‌ನಿಂದ ಆಗಸ್ಟ್‌ವರೆಗೆ, ಆಗ ಗಾಡಿ ಹೆಚ್ಚು ಕಮ್ಮಿ ಖಾಲಿ. ಸದಾ 300 ಕೆ.ಜಿ. ಹೊರೋಕೆ ಮಾಡಿದ ಸ್ಪ್ರಿಂಗನ್ನ ನಾನು ಖಾಲಿ ಗಾಡಿಗೆ ಹಾಕಿ ಕೆಸರಿಗೆ ಇಳಿಸಿದ್ದೆ. ಸ್ಪ್ರಿಂಗ್ ಮಣಿಯದಿದ್ರೆ ಚಕ್ರ ನೆಲದ ಏರುತಗ್ಗನ್ನ ಅನುಸರಿಸಲ್ಲ. ನೆಲ ಬಿಟ್ಟ ಚಕ್ರಕ್ಕೆ ಹಿಡಿತ ಎಲ್ಲಿಂದ ಬರಬೇಕು?

"ಸ್ವಲ್ಪ ದಪ್ಪ ಪ್ಲೇಟು ಅಷ್ಟೇ ತಾನೇ?" ಅಂತ ಕೇಳಬಹುದು. ಸೆಕೆಂಡ್ ಇಯರ್‌ನಲ್ಲಿ ಓದಿದ್ದನ್ನ ನೆನಪಿಸ್ಕೊಳ್ಳಿ. ಲೀಫ್ ಸ್ಪ್ರಿಂಗ್‌ನ ಸ್ಟಿಫ್‌ನೆಸ್ ಪ್ಲೇಟಿನ ದಪ್ಪದ ಮೂರನೇ ಘಾತಕ್ಕೆ ತಕ್ಕಂತೆ ಏರುತ್ತೆ. ಉಳಿದದ್ದೆಲ್ಲ ಹಾಗೇ ಇಟ್ಟು 6 ಎಂ.ಎಂ. ಪ್ಲೇಟನ್ನ 7 ಎಂ.ಎಂ. ಮಾಡಿದ್ರೆ ಸ್ಟಿಫ್‌ನೆಸ್ ಸುಮಾರು ಶೇ. 59 ಜಾಸ್ತಿ. ಕಾಯಿಲ್ ಸ್ಪ್ರಿಂಗ್‌ನಲ್ಲಿ ತಂತಿಯ ವ್ಯಾಸದ ನಾಲ್ಕನೇ ಘಾತ: 12 ಎಂ.ಎಂ. ಹೋಗಿ 13 ಆದ್ರೆ ಸುಮಾರು ಶೇ. 38 ಜಾಸ್ತಿ. ಎಕ್ಸಾಮ್‌ನಲ್ಲಿ ಇದನ್ನ ಡಿರೈವ್ ಮಾಡಿ ಮಾರ್ಕ್ಸ್ ತಗೊಂಡಿದ್ದೆ. ಅಂಗಡಿಯಲ್ಲಿ ನೆನಪಾಗಲಿಲ್ಲ.

ಇನ್ನು ಟೈರು. ಜಿಪ್ಸಿ ಮತ್ತು ಜಿಮ್ನಿಯಂಥ ಗಟ್ಟಿ ಆಕ್ಸಲ್ ಗಾಡಿಯಲ್ಲಿ ಸ್ಪ್ರಿಂಗ್ ಎಷ್ಟೇ ಎತ್ತಿದ್ರೂ ಏಳೋದು ಚಾಸಿ ಮತ್ತು ಬಾಡಿ ಮಾತ್ರ. ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತೆ, ಅದನ್ನ ಎತ್ತೋದು ಟೈರೊಂದೇ. ನಮ್ಮ ಜಿಪ್ಸಿಗೆ ಇದ್ದದ್ದು 205/70 ಆರ್15, ಅದರ ವ್ಯಾಸ 668 ಎಂ.ಎಂ. 215/75 ಆರ್15 ಹಾಕಿದ್ರೆ 703 ಚಿಲ್ಲರೆ. ಇದರ ಅರ್ಧ, ಅಂದ್ರೆ ಸುಮಾರು 18 ಎಂ.ಎಂ. ಡಿಫರೆನ್ಷಿಯಲ್ ಕೆಳಗೆ ಸಿಗುತ್ತೆ. ಇದೂ ಪುಕ್ಕಟೆ ಅಲ್ಲ. ಸ್ಪೀಡೋಮೀಟರ್ 80 ತೋರಿಸುವಾಗ ಗಾಡಿ 84ರಲ್ಲಿ ಇರುತ್ತೆ, ಏರಿನಲ್ಲಿ ಎಳೆತವೂ ಸ್ವಲ್ಪ ಕಮ್ಮಿಯಾಗುತ್ತೆ. ಆದ್ರೂ ನಿಮ್ಮ ಗಾಡಿಗೆ ತಾಗ್ತಿರೋದು ಬಂಪರಾ, ಹೊಟ್ಟೆನಾ, ಡಿಫರೆನ್ಷಿಯಲ್ಲಾ ಅಂತ ಮೊದಲು ಬಗ್ಗಿ ನೋಡಿ. ಕಲ್ಲು ಉಜ್ಜಿದ ಗುರುತು ಸುಳ್ಳು ಹೇಳಲ್ಲ.

ಶಾಕ್ ಅಬ್ಸಾರ್ಬರನ್ನ ಹೆಸರು, ಬಣ್ಣ ನೋಡಿ ಆರಿಸೋರೇ ಜಾಸ್ತಿ. ನೋಡಬೇಕಾದ್ದು ಎರಡು ಅಳತೆ: ಪೂರ್ತಿ ಮುಚ್ಚಿದಾಗಿನ ಉದ್ದ, ಪೂರ್ತಿ ತೆರೆದಾಗಿನ ಉದ್ದ. ಆಕ್ಸಲ್ ಬಂಪ್ ಸ್ಟಾಪ್‌ಗೆ ತಾಗಿ ಅದನ್ನ ಒತ್ತಿದಾಗಲೂ ಶಾಕ್ ಒಳಗೆ ಇನ್ನೂ ಸ್ವಲ್ಪ ಜಾಗ ಉಳಿದಿರಬೇಕು. ಆಕ್ಸಲ್ ಪೂರ್ತಿ ಜೋತಾಡುವಾಗ ಅದರ ಭಾರವನ್ನ ಶಾಕ್ ಹಿಡ್ಕೊಂಡು ನಿಲ್ಲಬಾರದು. ನಮ್ಮದರಲ್ಲಿ ಹಳೇ ಶಾಕ್ಸನ್ನೇ ಬಿಟ್ಟಿದ್ರಿಂದ ಪ್ರತಿ ಗುಂಡಿಯಲ್ಲೂ ಅದು ಕೊನೆವರೆಗೆ ಎಳೆದು ಟಕ್ ಅಂತಿತ್ತು. ಒಂದು ದಿನ ಕೆಳಗಿನ ಕಣ್ಣೇ ಕಿತ್ತು ಬಂತು.

ಸ್ಟೀರಿಂಗ್ ಅಲ್ಲಾಡಿದ್ದಕ್ಕೆ ಕಾರಣ ಆ ಉದ್ದನೆ ಶ್ಯಾಕಲ್. ಎರಡು ಇಂಚು ಉದ್ದದ ಶ್ಯಾಕಲ್ ಹಾಕಿದ್ರೆ ಗಾಡಿ ಏಳೋದು ಒಂದೇ ಇಂಚು, ಯಾಕಂದ್ರೆ ಆಕ್ಸಲ್ ಇರೋದು ಸ್ಪ್ರಿಂಗಿನ ನಡುವೆ. ಜಿಪ್ಸಿಯ ಮುಂದಿನ ಸ್ಪ್ರಿಂಗಿಗೆ ಶ್ಯಾಕಲ್ ಇರೋದು ಮುಂದಿನ ತುದಿಯಲ್ಲಿ. ಆ ತುದಿ ಕೆಳಗೆ ಹೋದ್ರೆ ಆಕ್ಸಲ್ ಮುಂದಕ್ಕೆ ಹೊರಳಿ ಕ್ಯಾಸ್ಟರ್ ಕೋನ ಕಮ್ಮಿಯಾಗುತ್ತೆ. ಸೈಕಲ್ ಫೋರ್ಕ್‌ನ ವಾಲು ನೆನಪಿಸ್ಕೊಳ್ಳಿ. ಅದು ಇಲ್ಲದಿದ್ರೆ ಕೈ ಬಿಟ್ಟು ನೇರ ಹೋಗೋಕೆ ಕಷ್ಟ. ಬೇರೆ ಗಾಡಿಗಳಿಗೆ ಬೇರೆ ತಕರಾರು. ಜಿಮ್ನಿಯಲ್ಲಿ ಕಾಯಿಲ್ ಎತ್ತಿದ್ರೆ ಪ್ಯಾನ್‌ಹಾರ್ಡ್ ರಾಡ್ ಆಕ್ಸಲನ್ನ ಒಂದು ಪಕ್ಕಕ್ಕೆ ಎಳೆಯುತ್ತೆ. 2020ರಲ್ಲಿ ಬಂದ ಥಾರ್‌ಗೆ ಮುಂದೆ ಡಬಲ್ ವಿಶ್‌ಬೋನ್ ಇದೆ, ಅದಕ್ಕೆ ಸ್ಪೇಸರ್ ಇಟ್ರೆ ಸಿ.ವಿ. ಜಾಯಿಂಟ್‌ನ ಕೋನ ಹೆಚ್ಚಾಗುತ್ತೆ. ಹಾಗಾಗಿ ಸ್ಪ್ರಿಂಗ್ ಜೊತೆಗೆ ಬ್ರೇಕ್ ಹೋಸ್, ಬಂಪ್ ಸ್ಟಾಪ್, ಕ್ಯಾಸ್ಟರ್ ಸರಿಪಡಿಸೋ ಭಾಗ, ಬೇಕಾದಲ್ಲಿ ಅಡ್ಜಸ್ಟ್ ಆಗೋ ರಾಡ್ ಇವೂ ಪಟ್ಟಿಯಲ್ಲಿ ಇರಬೇಕು. ಇವಕ್ಕೆ ದುಡ್ಡಿಲ್ಲ ಅಂದ್ರೆ ಲಿಫ್ಟಿಗೂ ದುಡ್ಡಿಲ್ಲ ಅಂತಲೇ ಅರ್ಥ.

ಕಿಟ್ ಮಾಡೋರು ಇದನ್ನೆಲ್ಲ ಲೆಕ್ಕ ಹಾಕಿರ್ತಾರೆ, ನಿಂದೇನು ಅಂತ ಗೆಳೆಯನೊಬ್ಬ ವಾದ ಮಾಡಿದ. ಒಪ್ತೀನಿ. ಒಳ್ಳೆ ಕಿಟ್‌ಗಳಲ್ಲಿ ಒಂದೇ ಎತ್ತರಕ್ಕೆ ಹಗುರ, ಮಧ್ಯಮ, ಭಾರ ಅಂತ ಬೇರೆ ಬೇರೆ ಸ್ಪ್ರಿಂಗ್ ಇಟ್ಟಿರ್ತಾರೆ. ಆದ್ರೆ ಆ ಮೂರರಲ್ಲಿ ನಿಮಗೆ ಯಾವುದು ಅಂತ ಆರಿಸೋಕೆ ನಿಮ್ಮ ಗಾಡಿ ತೂಕ ನಿಮಗೇ ಗೊತ್ತಿರಬೇಕಲ್ಲ! ನಾನು ಗೊತ್ತಿಲ್ಲದೆ ಭಾರದ್ದನ್ನೇ ತಗೊಂಡೆ, ಹೆಸರು ಜೋರಾಗಿತ್ತು ಅಂತ.

ಇನ್ನೆರಡು ಮಾತು, ಯಾರಿಗೂ ಇಷ್ಟ ಆಗದಿರೋವು. ಒಂದು, ಎತ್ತರ ಹೆಚ್ಚಿದಷ್ಟೂ ಗಾಡಿ ಮಗುಚೋದು ಸುಲಭ. ಎರಡು ಚಕ್ರಗಳ ನಡುವಿನ ಅಗಲದ ಅರ್ಧವನ್ನ ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿ ನೋಡಿ. 1300 ಎಂ.ಎಂ. ಅಗಲದ ಗಾಡಿಗೆ ಆ ಎತ್ತರ 650 ಅಂತ ಇಟ್ಕೊಂಡ್ರೆ ಉತ್ತರ 1. ಎತ್ತರ 700 ಆದ್ರೆ 0.93. ಘಾಟಿಯ ತಿರುವಿನಲ್ಲಿ ಆ ವ್ಯತ್ಯಾಸ ಸಣ್ಣದಲ್ಲ. ಎರಡು, ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡೀತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು. ಕಿಟ್ ಮಾರುವಾಗ ಇದನ್ನ ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬಾಹಾ ಟೀಮ್‌ನಲ್ಲಿ ನಾವು ಒಂದು ಬ್ರಾಕೆಟ್ ಬದಲಾಯಿಸಬೇಕಾದ್ರೂ ಸೀನಿಯರ್ ಮುಂದೆ ಲೆಕ್ಕ ಇಡಬೇಕು. ನಮ್ಮ ಮನೆಯವರು ಕೂರೋ ಗಾಡಿಗೆ ಮಾತ್ರ ರೀಲ್ಸ್ ನೋಡಿ ಪಾರ್ಟ್ಸ್ ಆರಿಸ್ತೀವಿ. ನನಗೆ ಇದು ನಾಚಿಕೆ ಅನಿಸುತ್ತೆ.

ಚಿಕ್ಕಪ್ಪನ ಜಿಪ್ಸಿಗೆ ಈಗ ಹಳೇ ಲೀಫ್ ಸ್ಪ್ರಿಂಗೇ ವಾಪಸ್ ಬಂದಿದೆ. ಕುಗ್ಗಿದ್ದ ಕಮಾನನ್ನ ಎತ್ತಿಸಿ ಮೊದಲಿನ ಎತ್ತರಕ್ಕೆ ತಂದಿದ್ದೀವಿ, ಶ್ಯಾಕಲ್ ಕಂಪನಿದೇ, ಶಾಕ್ಸ್ ಹೊಸದು. ಹೊಟ್ಟೆ ತಾಗ್ತಿದ್ದದ್ದಕ್ಕೆ ಅಸಲು ಕಾರಣ ವರ್ಷಾನುಗಟ್ಟಲೆ ಮೂಟೆ ಹೊತ್ತು ಸ್ಪ್ರಿಂಗ್ ಕುಗ್ಗಿದ್ದು ಅಂತ ಆಗಲೇ ಗೊತ್ತಾಗಿದ್ದು. ಎರಡು ಇಂಚಿನ ಆ ಹೆವಿ ಡ್ಯೂಟಿ ಸೆಟ್ ಗೋದಾಮಿನ ಮೂಲೆಯಲ್ಲಿ ತುಕ್ಕು ಹಿಡೀತಿದೆ. ಯಾರಿಗಾದ್ರೂ ಬೇಕಿದ್ರೆ ಹೇಳಿ, ಕೊಡ್ತೀನಿ. ಆದ್ರೆ ಬರುವಾಗ ವೇ ಬ್ರಿಡ್ಜ್ ಚೀಟಿ ತಗೊಂಡು ಬನ್ನಿ.