ಐದು ಕಾಲಿನ ಡಬ್ಬಿ

ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲೋ ಚೆನ್ನೈನ ರಿಚಿ ಸ್ಟ್ರೀಟಿನಲ್ಲೋ, ಹಳೆಯ ಟೆಲಿಕಾಂ ಬೋರ್ಡಿನಿಂದ ಕಿತ್ತ, '10 ಮೆಗಾಹರ್ಟ್ಸ್' ಎಂದು ಬರೆದ ಲೋಹದ ಡಬ್ಬಿ ಕಣ್ಣಿಗೆ ಬಿದ್ದರೆ ಬಿಡಬೇಡಿ. ಅದು ಓಸಿಎಕ್ಸ್‌ಓ ಆಗಿರಬಹುದು. ಒಳಗೆ ಪುಟ್ಟ ಒಲೆ, ಅದರ ಬಿಸಿಯಲ್ಲಿ ಕ್ವಾರ್ಟ್ಜ್ ಹರಳು. ಹೊರಗಿನ ಚಳಿ-ಸೆಕೆ ಅಷ್ಟಾಗಿ ತಟ್ಟದ್ದರಿಂದಲೇ ಅದರ ಮಿಡಿತ ಅಷ್ಟು ನಿಖರ. ನಿಮ್ಮ ಫ್ರೀಕ್ವೆನ್ಸಿ ಕೌಂಟರಿಗೆ ಇದಕ್ಕಿಂತ ಒಳ್ಳೆಯ ಜೊತೆ ಅಗ್ಗಕ್ಕೆ ಸಿಗುವುದು ಕಷ್ಟ.

ತೊಡಕೆಂದರೆ, ಬಹಳಷ್ಟರಲ್ಲಿ ಐದು ಕಾಲು; ಯಾವುದು ಏನೆಂದು ಬರೆದಿರುವುದಿಲ್ಲ. ಸಪ್ಲೈ ಉಲ್ಟಾ ಕೊಟ್ಟರೆ ಡಬ್ಬಿ ಸುಟ್ಟೇ ಹೋಗಬಹುದು.

ಮೊದಲು ಮಲ್ಟಿಮೀಟರ್ ಹಿಡಿಯಿರಿ. ಲೋಹದ ಮೈಗೆ ನೇರ ತಗಲುವ ಕಾಲು ಸಾಮಾನ್ಯವಾಗಿ ಗ್ರೌಂಡ್. ಹಳೆಯ ಬೋರ್ಡೂ ಕೈಯಲ್ಲಿದ್ದರೆ, ಅಗಲವಾದ ತಾಮ್ರದ ಗೆರೆ ಮತ್ತು ದೊಡ್ಡ ಕೆಪಾಸಿಟರ್ ಸೇರುವ ಕಾಲು ಸಪ್ಲೈ ಇರಬಹುದು. ಕರೆಂಟಿಗೆ ಮಿತಿ ಹಾಕಿ, 5 ವೋಲ್ಟಿನಲ್ಲಿ ಶುರುಮಾಡಿ. 12ಕ್ಕೆ ಆತುರ ಬೇಡ. ತಣ್ಣಗಿದ್ದಾಗ ಹೆಚ್ಚು ಎಳೆದ ಕರೆಂಟು ಕೆಲವು ನಿಮಿಷದಲ್ಲಿ ಇಳಿದರೆ ಒಲೆ ಕಾದಿದೆ, ಊಹೆ ಸರಿಯಾಗಿದೆ. ಉಳಿದ ಮೂರರಲ್ಲಿ ಆಸಿಲೋಸ್ಕೋಪಿನಲ್ಲಿ ಅಲೆ ತೋರಿಸುವುದು ಔಟ್‌ಪುಟ್, ಅಲುಗದ ವೋಲ್ಟೇಜ್ ಕೊಡುವುದು ರೆಫರೆನ್ಸ್, ಮಿಕ್ಕಿದ್ದು ಆವರ್ತನವನ್ನು ತುಸುವೇ ತಿದ್ದುವ ಕಂಟ್ರೋಲ್.

ಗೊತ್ತಾದದ್ದನ್ನು ಚೀಟಿಯಲ್ಲಿ ಬರೆದು ಡಬ್ಬಿಗೇ ಅಂಟಿಸಿ. ಬಾಡಿಗೆ ಮನೆ ಬದಲಿಸುವಾಗ ನೋಟ್‌ಬುಕ್ಕು ಎಲ್ಲೋ ಸೇರಿಹೋಗುತ್ತದೆ.